ಸಪ್ಪಳದ ಬೆನ್ನು ಹತ್ತಿದ ಕಾಕಾ

ಜಲಪಾತವನ್ನು ತಿಳಿದುಕೊಳ್ಳಲೆಂದು ಅದರಿಂದ ದೂರ ದೂರ ಓಡಿದ ಮನುಷ್ಯ ಭೂಮಿಯ ಮೇಲೆ ನಮ್ಮ ಕಾಕಾ ಒಬ್ಬನೇ! ಮಳೆಗಾಲದಲ್ಲಿ ಜನ ಗಾಡಿ ಕಟ್ಟಿಕೊಂಡು ಗೋಕಾಕ ಫಾಲ್ಸಿಗೆ ಬರುತ್ತಿದ್ದರೆ, ಇವನು ಎದುರು ದಿಕ್ಕಿಗೆ ಸೈಕಲ್ ತುಳಿಯುತ್ತಿದ್ದ. ಹುಚ್ಚು ಅಂದಿರಾ? ಅಲ್ಲ ಸ್ವಾಮಿ, ಸಂಶೋಧನೆ!

ಸ್ವಾತಂತ್ರ್ಯಕ್ಕಿಂತ ಮೊದಲಿನ ಮಾತು. ಕಾಕಾ ಗೋಕಾಕದಲ್ಲಿ ಮ್ಯಾಟ್ರಿಕ್ ಓದುತ್ತಿದ್ದ. "ನಿಮಗ ಬೇಕಾದ್ದೊಂದು ವಿಷಯ ಹಿಡೀರಿ, ಪುಸ್ತಕ ಮುಟ್ಟದ ಸ್ವಂತ ತಿಳಕೊಂಡು ಬರ್ರಿ" ಎಂದರು ವಿಜ್ಞಾನದ ಮಾಸ್ತರರು. ಉಳಿದವರು ಎಲೆ, ಕಲ್ಲು, ಹುಳ ಎಂದು ಕೈಗೆ ಸಿಕ್ಕಿದ್ದನ್ನು ಆರಿಸಿಕೊಂಡರು. ನಮ್ಮವನಿಗೆ ಸುಲಭದ್ದು ಸೇರಿದರೆ ತಾನೆ? ಫಾಲ್ಸಿನ ಸಪ್ಪಳ ಎಲ್ಲಿಯವರೆಗೆ ಕೇಳಿಸುತ್ತದೆಂದು ಪತ್ತೆ ಹಚ್ಚುತ್ತೇನೆ ಎಂದು ಹೊರಟ.

ಅವನ ಪದ್ಧತಿ ಸರಳ. ಊರು ಹೊಕ್ಕು, ಕಟ್ಟೆಯ ಮೇಲೆ ಕುಳಿತವರನ್ನು "ಇಲ್ಲಿ ಫಾಲ್ಸಿನ ಸಪ್ಪಳ ಕೇಳಸ್ತೈತೇನ್ರಿ?" ಎಂದು ಕೇಳುವುದು. ಹತ್ತಾರು ಮೈಲಿ ದೂರದ ಮೂಡಲಗಿಯಲ್ಲಿ "ಹೌದ್ರಿ" ಎಂದರು. ಹುಕ್ಕೇರಿಯಲ್ಲೂ ಹೌದೆಂದರು. ಯಮಕನಮರಡಿಯ ಹಿರಿಯರೊಬ್ಬರಂತೂ ಕಿವಿಗೆ ಕೈ ಹಚ್ಚಿ, "ಈಗ ಜರಾ ಜೋರಾತು ನೋಡ್ರಿ!" ಎಂದುಬಿಟ್ಟರು. ಕಾಕಾ ಹಿಗ್ಗಿ ಹೀರೇಕಾಯಿಯಾದ. ತನಗೇನೂ ಕೇಳಿಸದಿದ್ದುದಕ್ಕೆ ಸೈಕಲ್ ತುಳಿದ ದಣಿವೇ ಕಾರಣವೆಂದು ಸಮಾಧಾನ ಮಾಡಿಕೊಂಡ.

ಬೇಸಿಗೆಯಲ್ಲಿ ಒಂದು ಮದುವೆಗೆಂದು ಮತ್ತೆ ಯಮಕನಮರಡಿಗೆ ಹೋದ. ಹೊಳೆ ಬತ್ತಿ, ಫಾಲ್ಸಿನಲ್ಲಿ ಬರೀ ಬಂಡೆ ಉಳಿದಿದ್ದ ಕಾಲ. ಅದೇ ಹಿರಿಯರು ಸಿಕ್ಕರು. ಚಟ ಬಿಡಬೇಕಲ್ಲ, ಮತ್ತೆ ಅದೇ ಪ್ರಶ್ನೆ ಕೇಳಿದ.

"ಕೇಳಸ್ತೈತಲ್ಲ!" ಎಂದರು ಅವರು.

"ಹೊಳ್ಯಾಗ ನೀರ ಇಲ್ಲಲ್ರಿ ಯಜಮಾನ್ರ!"

"ಇರಲಿಕ್ಕಿಲ್ಲ ತಮ್ಮಾ. ಖರೆ, ನೀ ಅಷ್ಟು ದೂರದಿಂದ ಕೇಳಾಕ ಬಂದಿ. ಇಲ್ಲ ಅಂತ ಹೆಂಗ ಅನ್ನೂದು? ಬಾ, ಮಜ್ಜಿಗಿ ಕುಡಿ."

ಮಜ್ಜಿಗೆ ಕುಡಿದ ಕಾಕಾನ ಸಂಶೋಧನೆ ಅಲ್ಲಿಗೇ ತಣ್ಣಗಾಗಬೇಕಿತ್ತು. ಆದರೆ ಮ್ಯಾಟ್ರಿಕ್ ಮುಗಿದರೂ ಇದು ಮುಗಿಯಲಿಲ್ಲ! ಮುಂದಿನ ಮಳೆಗಾಲಕ್ಕೆ ಪ್ರಶ್ನೆಯನ್ನೇ ತಿರುಗಿಸಿ, ಫಾಲ್ಸಿಗೆ ತೀರ ಹತ್ತಿರದ ಅಂಗಡಿಯೊಂದರಲ್ಲಿ "ಇಲ್ಲೇನೂ ಸಪ್ಪಳ ಕೇಳಸೂದಿಲ್ಲ, ಅಲ್ರಿ?" ಎಂದ.

"ಏನಂದ್ರಿ? ಜೋರ್ಲೆ ಹೇಳ್ರಿ, ನೀರಿನ ಗದ್ದಲ ಭಾಳ ಐತಿ!" ಎಂದ ಅಂಗಡಿಯವ.

ಕಾಕಾ ಗಂಟಲು ಹರಿಯುವಂತೆ ಮತ್ತೆ ಕೇಳಿದ.

"ಇಲ್ಲ ಬಿಡ್ರಿ, ಏನೂ ಕೇಳಸೂದಿಲ್ಲ!" ಎಂದು ಅವನೂ ಅಷ್ಟೇ ಜೋರಾಗಿ ಕಿರುಚಿದ.

ನಮ್ಮ ಜನ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ, ಕೇಳಿದವನ ಮನಸ್ಸು ನೋಯಬಾರದೆಂದು ಉತ್ತರ ಕೊಡುತ್ತಾರೆ. ಇಷ್ಟನ್ನು ಕಲಿತು ಕಾಕಾ ತೊಯ್ದು ತೊಪ್ಪೆಯಾಗಿ ಮನೆಗೆ ಬಂದ. ಅವನ ಅವ್ವ, ಅಂದರೆ ನಮ್ಮ ಅಜ್ಜಿ, ಒಲೆಯ ಮುಂದೆ ಬೆನ್ನು ತಿರುಗಿಸಿ ಕುಳಿತು ರೊಟ್ಟಿ ಬಡಿಯುತ್ತಿದ್ದಳು.

"ಅವ್ವಾ, ಹಸಿವಿಲ್ಲ, ರೊಟ್ಟಿ ಬ್ಯಾಡ" ಎಂದ ಕಾಕಾ.

"ಹೂಂನಪಾ" ಎಂದು ಅಜ್ಜಿ, ಗೋಡೆಗೆ ಬಿದ್ದ ಅವನ ನೆರಳು ನೋಡಿ, ತಾಟಿಗೆ ಎರಡು ರೊಟ್ಟಿ ಹಾಕಿದಳು. ನಾವು ಮಕ್ಕಳು ಕಿಸಕ್ಕನೆ ನಕ್ಕೆವು. ಕಾಕಾ ಅನುಮಾನದಿಂದ ಅವಳ ಬೆನ್ನನ್ನೇ ನೋಡಿದ. ಆಮೇಲೆ, "ಅವ್ವಾ, ನಾಳೆ ನಾ ಸನ್ಯಾಸಿ ಆಗಾಕ ಹೊಂಟೇನಿ" ಎಂದ.

"ಹೂಂ ಮಗಾ, ಚಲೋ ಆತು."

ನಾವು ಇನ್ನೂ ಜೋರಾಗಿ ನಕ್ಕೆವು. ಕಾಕಾ ನಗಲಿಲ್ಲ. ಎದುರು ಬಂದು ಕುಳಿತು ಅವಳ ಹಿಟ್ಟಿನ ಕೈ ಹಿಡಿದ. "ನಿನಗ ಕೇಳಸೂದಿಲ್ಲೇನವ್ವಾ?"

ಅವನ ತುಟಿಗಳನ್ನೇ ನೋಡುತ್ತಿದ್ದ ಅಜ್ಜಿ ತಲೆ ತಗ್ಗಿಸಿದಳು. "ನೀವೆಲ್ಲ ಇಷ್ಟು ಪ್ರೀತಿಲೆ ಮಾತಾಡಸ್ತೀರಿ. ಇಲ್ಲ ಅಂತ ಹೆಂಗ ಅನ್ನೂದೋ?"

ಮರುದಿನ ಸುರಿಯುವ ಮಳೆಯಲ್ಲೇ ಕಾಕಾ ಗಾಡಿ ಕಟ್ಟಿದ. ಎಲ್ಲ ಜನರಂತೆ ಅವನೂ ಫಾಲ್ಸಿನ ದಿಕ್ಕಿಗೇ ಹೊಡೆದ! ಧುಮುಕುವ ನೀರಿನ ಬಾಜೂಕ್ಕೆ ಅಜ್ಜಿಯನ್ನು ಕೂರಿಸಿ, ಅವಳ ಅಂಗೈಯನ್ನು ಬಂಡೆಯ ಮೇಲೆ ಒತ್ತಿ ಹಿಡಿದ. ಈ ಸಲ ಅವನು ಏನೂ ಕೇಳಲಿಲ್ಲ. ಅಜ್ಜಿಯೂ ತಟ್ಟನೆ "ಹೂಂ" ಎನ್ನಲಿಲ್ಲ. ಕಣ್ಣು ಮುಚ್ಚಿ ಬಹಳ ಹೊತ್ತು ಕುಳಿತಳು. ನಡುಗುವ ಬಂಡೆಯಿಂದ ನಡುಕ ಅವಳ ಕೈಗೆ, ಕೈಯಿಂದ ಎದೆಗೆ ಏರಿರಬೇಕು. ಮುಖ ಅರಳಿತು.

"ಕೇಳಸ್ತೈತೋ ಮಗಾ!"

ಊರೂರು ತಿರುಗಿ ಯಾರ ಮಾತನ್ನೂ ನಂಬದಂತಾಗಿದ್ದ ಕಾಕಾ ಇದೊಂದನ್ನು ನಂಬಿದ. ಅವ್ವನ ಕೈ ಬಿಡದೆ, ಆ ಮಳೆಯಲ್ಲೇ ಕುಳಿತು ಗಳಗಳನೆ ಅತ್ತ.