ನನ್ನ ಮಂಡಿಗಾಗಿ ತಂದ ಈಜುಕೊಳಕ್ಕೆ ನಾನು ಇಳಿಯುವ ಬಗ್ಗೆ

ತುರ್ತು: ಈಜುಕೊಳದ ದೀಪದ ಸ್ವಿಚ್ ಹಾಕುವ ಮೊದಲು ಓದತಕ್ಕದ್ದು

ಇಂದ:
ಶ್ರೀಮತಿ ಸರ್ವಮಂಗಳ,
ಅಡುಗೆ, ಉಸ್ತುವಾರಿ ಇತ್ಯಾದಿ (ಕಾಯಂ), ಎಡಮಂಡಿ ನೋವು (ತಾತ್ಕಾಲಿಕವೆಂದು ತಿಳಿಸಲಾಗಿತ್ತು),
ತೋಟದ ಮನೆ, ಮಾಡದಕೆರೆ ಹೋಬಳಿ, ಹೊಸದುರ್ಗ ತಾಲ್ಲೂಕು.

ಗೆ:
ಶ್ರೀ ಮೂರ್ತಪ್ಪನವರು,
ನಿವೃತ್ತ ಶಿರಸ್ತೇದಾರರು ಹಾಗೂ ಅರ್ಜಿದಾರಳ ಪತಿ,
ಹಾಲಿ ವಿಳಾಸ: ಜಗಲಿ.

ಮುಖಾಂತರ:
ಓಬಮ್ಮ, ಮನೆ ಮತ್ತು ತೋಟದ ಕೆಲಸದವಳು.

ವಿಷಯ: ನನ್ನ ಮಂಡಿಯ ಚಿಕಿತ್ಸೆಗೆಂದು ತಂದು, ಪೈಪು ಮತ್ತು ದೀಪ ಅಳವಡಿಸಿ, ಊರಿಗೆಲ್ಲ ತೋರಿಸಲಾಗುತ್ತಿರುವ ಫೈಬರ್ ಈಜುಕೊಳಕ್ಕೆ ನಾನು ಇಳಿಯಲು ಅನುಮತಿ ಕೋರಿ.

ಉಲ್ಲೇಖ:
1. ದಾವಣಗೆರೆಯ ಮೂಳೆ ಡಾಕ್ಟರ ಚೀಟಿ.
2. ಪೈಪು, ದೀಪ ಹಾಕಿಸುವಾಗ ತಾವು ಬರೆದ ಸ್ಥಳ ಮಹಜರು.
3. ಮೊನ್ನೆ ಮಜ್ಜಿಗೆ ಅನ್ನ ಕಲಸುತ್ತಾ ತಾವು ನೀಡಿದ ಮೌಖಿಕ ಆದೇಶ: "ಹಂಗೆಲ್ಲ ಬಾಯಲ್ಲಿ ಕೇಳಿದ್ರೆ ಆಗಲ್ಲ ಕಣೆ. ಅರ್ಜಿ ಕೊಡು, ನೋಡಾಣ."

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ಉಲ್ಲೇಖ 3ರ ಆದೇಶವನ್ನು ತಾವು ತಮಾಷೆಗೆ ಹೇಳಿ, ನಕ್ಕು, ಕೈ ತೊಳೆಯಲು ಎದ್ದು ಹೋದಿರಿ. ನಾನು ನಗಲಿಲ್ಲ. ತಾಲ್ಲೂಕು ಕಚೇರಿಯಲ್ಲಿದ್ದಷ್ಟು ಕಾಲವೂ ಅಲ್ಲಿನ ಭಾಷೆಯನ್ನು ಮನೆಗೆ ಹೊತ್ತು ತಂದವರು ತಾವು. ಸಾರಿಗೆ ಉಪ್ಪು ಕಡಿಮೆಯಾದರೆ "ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳುವುದು" ಎಂದವರು. ಆದ್ದರಿಂದ ಅರ್ಜಿ ಬರೆಯುವುದನ್ನು ನನಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಪ್ರಕರಣದ ಸಂಕ್ಷಿಪ್ತ ವಿವರ ಈ ಕೆಳಗಿನಂತಿದೆ. ಸಂಕ್ಷಿಪ್ತವಾಗದಿದ್ದರೆ ಅದು ಪ್ರಕರಣದ ತಪ್ಪು, ನನ್ನದಲ್ಲ.

1. ಹೋದ ವರ್ಷ ತೋಟದ ಬದುವಿನ ಮೇಲೆ ಜಾರಿ ಬಿದ್ದು ನನ್ನ ಎಡಮಂಡಿ ಕೆಟ್ಟಿತು. ಎಣ್ಣೆ, ಪಟ್ಟು, ಮಾತ್ರೆ ಎಲ್ಲವೂ ಆಯಿತು. ಕೊನೆಗೆ ದಾವಣಗೆರೆಯ ಡಾಕ್ಟರು, "ಎದೆಮಟ್ಟ ನೀರಲ್ಲಿ ದಿನಾ ನಡೀರಿ ಅಮ್ಮ. ಮೈ ಭಾರಾನ ನೀರು ಹೊರುತ್ತೆ, ಮಂಡಿಗೆ ಬಲ ಬರುತ್ತೆ. ಇಲ್ಲಾಂದ್ರೆ ಮುಂದೆ ಆಪರೇಷನ್ನೇ" ಎಂದರು. ಎದೆಮಟ್ಟ ನೀರನ್ನು ಎಲ್ಲಿಂದ ತರುವುದೆಂದು ನಾನು ಕಾರಿನಲ್ಲಿ ಯೋಚಿಸುತ್ತಿದ್ದೆ. ಹೊಳಲ್ಕೆರೆ ದಾಟುವಾಗ ತಾವು, "ನೀರೇ ತಾನೆ? ತರಾಣ ಬಿಡು" ಎಂದಿರಿ. ಆ ಕ್ಷಣ ತಮ್ಮ ಮೇಲೆ ನನಗೆ ಬಂದ ಪ್ರೀತಿಯನ್ನು ಇಲ್ಲಿಯೇ ದಾಖಲಿಸುತ್ತಿದ್ದೇನೆ, ಕಾರಣ ಮುಂದಿನ ಅಂಶಗಳಲ್ಲಿ ಅದಕ್ಕೆ ಜಾಗ ಸಿಗುವ ಸಂಭವ ಕಡಿಮೆ.

2. ಹಿರಿಯೂರಿನ ಆಚೆ ಯಾರೋ ರೆಸಾರ್ಟ್ ಕಟ್ಟಲು ಹೊರಟು ಅರ್ಧಕ್ಕೇ ಕೈಬಿಟ್ಟ ಜಾಗದಲ್ಲಿ ನೀಲಿ ಬಣ್ಣದ ಫೈಬರ್ ತೊಟ್ಟಿಯೊಂದು ಬೋರಲು ಬಿದ್ದಿತ್ತು. ಅದಕ್ಕೆ ತೂತಿಲ್ಲ, ಪೈಪಿಲ್ಲ, ದೀಪವಿಲ್ಲ. ಒಳಗೆ ಇಳಿಯಲು ಮೆಟ್ಟಿಲು ಮಾತ್ರ ಇತ್ತು. ತಾವು ಅದನ್ನು ಹುಡುಕಿ, ಲಾರಿಯ ಮೇಲೆ ಹೇರಿಸಿ, ಪಕ್ಕದಲ್ಲೇ ಕೂತು ಮನೆಗೆ ತಂದಿರಿ. ದಾರಿಯುದ್ದಕ್ಕೂ ಜನ ದೋಣಿಯೆಂದುಕೊಂಡರಂತೆ. ನಮ್ಮ ಓಬಮ್ಮ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಅಮ್ಮಾರೆ, ಇಷ್ಟು ದೊಡ್ಡ ಬಾನಿಯಾಗೆ ಎಷ್ಟು ಎಮ್ಮೆಗೆ ಕಲಗಚ್ಚು ಇಡಾದು?" ಎಂದಳು. ಎಮ್ಮೆಗಲ್ಲ, ನನಗೆ ಎಂದು ನಾನು ಹೆಮ್ಮೆಯಿಂದ ಹೇಳಿದೆ. ಆ ಹೇಳಿಕೆಯನ್ನು ಈಗ ಹಿಂಪಡೆಯಬೇಕಾಗಿದೆ.

3. ಹೊಸದುರ್ಗದಿಂದ ಪೈಪಿನ ಕೆಲಸಕ್ಕೆ ಜಮೀರ್, ಕರೆಂಟಿನ ಕೆಲಸಕ್ಕೆ ಜುಂಜೇಶ್ ಬಂದರು. ಗುಂಡಿ ತೆಗೆದು, ಮರಳು ಹಾಸಿ, ಕ್ರೇನಿನಲ್ಲಿ ತೊಟ್ಟಿ ಇಳಿಸಿದ ಮೇಲೆ ಅದರ ಗೋಡೆಗೆ ತೂತು ಕೊರೆಯುವ ಹಂತ ಬಂತು. ಮೇಲೆ ತೇಲುವ ಕಸವನ್ನು ಎಳೆದುಕೊಳ್ಳುವ ಬಾಯಿ ಒಂದು ಕಡೆ, ಶುದ್ಧವಾದ ನೀರು ವಾಪಸ್ ಬರುವ ಬಾಯಿ ಇನ್ನೊಂದು ಕಡೆ, ದೀಪಕ್ಕೊಂದು ತೂತು ಮತ್ತೊಂದು ಕಡೆ. ಜಮೀರ್ ಡ್ರಿಲ್ ಎತ್ತಿದ. ತಾವು "ತಡಿ" ಎಂದಿರಿ. ಯಾಕೆಂದು ಕೇಳಿದರೆ, ಮಹಜರಾಗಬೇಕು ಎಂದಿರಿ.

"ಸಾರ್, ತೂತು ಹೊಡೆಯಾಕೆ ಮಹಜರಾ?" ಎಂದ ಜಮೀರ್.

"ಒಂದ್ಸಲ ಕೊರೆದ್ರೆ ಮುಚ್ಚಾಕಾಗ್ತೈತೇನಯ್ಯ? ನಾಳೆ ಸೋರಿದ್ರೆ ಯಾರು ಜವಾಬ್ದಾರಿ?"

ಹೀಗೆ ಪ್ರತಿ ತೂತಿಗೂ ಚೆಕ್ಕುಬಂದಿ ಬರೆಯಲಾಯಿತು. ಪೂರ್ವಕ್ಕೆ ಹುಣಸೆ ಮರ, ಪಶ್ಚಿಮಕ್ಕೆ ಜಗಲಿ, ಉತ್ತರಕ್ಕೆ ಪಂಪ್ ಮನೆ, ದಕ್ಷಿಣಕ್ಕೆ ರಸ್ತೆ, ಈ ಮಧ್ಯೆ ಇರುವ ದುಂಡನೆಯ ತೂತು. ಮಹಜರಿಗೆ ಪಂಚಸಾಕ್ಷಿಯಾಗಿ ಓಬಮ್ಮ ಹೆಬ್ಬೆಟ್ಟು ಒತ್ತಿದಳು. ತನ್ನ ಜಮೀನು ಹೋಯಿತೇನೋ ಎಂದು ಅವಳಿಗೆ ಆ ರಾತ್ರಿ ಊಟ ಸೇರಲಿಲ್ಲವಂತೆ.

4. ದೀಪದ ವಿಚಾರ. ಪ್ರಕರಣದ ಗಂಟು ಇರುವುದು ಇಲ್ಲಿ, ಆದ್ದರಿಂದ ತಾವು ಕನ್ನಡಕ ಹಾಕಿಕೊಂಡು ಓದಬೇಕು.

ಜುಂಜೇಶ್ ಹೇಳಿದ್ದು: "ದೀಪನಾ ಜಗಲಿ ಕಡೆ ಗೋಡೆಗೆ ಹಾಕಿ, ತೋಟದ ಕಡೆ ಮುಖ ಮಾಡಾಣ ಸಾರ್. ನೀರು ತಣ್ಣಗೆ ಬೆಳಗ್ತೈತೆ. ತೋಟದ ಕಡೆ ಗೋಡೆಗೆ ಹಾಕಿದ್ರೆ ಜಗಲಿ ಮೇಲೆ ಕುಂತೋರ ಕಣ್ಣಿಗೆ ಹೊಡೀತೈತೆ."

ತಾವು ಹೇಳಿದ್ದು: "ಹೊಡೀಲಿ ಕಣಯ್ಯ. ನೋಡೋರ ಕಣ್ಣಿಗೆ ಹೊಡೀದೇ ಇದ್ರೆ ದೀಪ ಯಾಕೆ?"

ಓಬಮ್ಮ ಹೇಳಿದ್ದು: "ನೀರಾಗೆ ಕರೆಂಟು ಬಿಟ್ರೆ ಅಮ್ಮಾರು ಸಾಯಲ್ವೇನಪ್ಪ?"

ಅದಕ್ಕೆ ಜುಂಜೇಶ್, ದೊಡ್ಡ ಕರೆಂಟು ನೀರಿನ ಹತ್ತಿರವೇ ಬರುವುದಿಲ್ಲ, ಟ್ರಾನ್ಸ್‌ಫಾರ್ಮರಿನಲ್ಲಿ ಇಳಿಸಿ ಸಣ್ಣದನ್ನು ಮಾತ್ರ ಬಿಡುತ್ತೇವೆ ಎಂದು ಸಮಾಧಾನ ಹೇಳಿದ. ನನ್ನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ, ದೀಪವೇ ಬೇಡ ಎನ್ನುತ್ತಿದ್ದೆ. ಹಗಲೆಲ್ಲ ತೋಟದಲ್ಲಿ ಕಾಯಿ ಕೀಳುವವರು, ಸುಲಿಯುವವರು ಓಡಾಡುತ್ತಿರುತ್ತಾರೆ. ಹೆಂಗಸೊಬ್ಬಳು ನೀರಿಗಿಳಿಯಲು ಇರುವುದು ಕತ್ತಲೊಂದೇ. ಆ ಕತ್ತಲನ್ನು ನೋಡುವವರ ಹಿತದೃಷ್ಟಿಯಿಂದ ತೆಗೆದುಹಾಕಲಾಯಿತು.

5. ಕಾಯಿಯ ವಿಚಾರ. ಒಳಗೆ ನೀರು, ಹೊರಗೆ ಮರಳು ಸಮಸಮವಾಗಿ ಏರಿಸಿ ಕೆಲಸ ಮುಗಿದ ದಿನ ತಾವು ಪೂಜೆಗೆ ನಿಂತಿರಿ. ಹೊಸ ಟ್ರ್ಯಾಕ್ಟರಿಗೆ ಟ್ರ್ಯಾಕ್ಟರಿನ ಕಬ್ಬಿಣದ ಮೇಲೆ, ಹೊಸ ಬೋರ್‌ವೆಲ್ಲಿಗೆ ಅದರ ಪೈಪಿನ ಮೇಲೆ ಕಾಯಿ ಒಡೆದ ಕೈ ತಮ್ಮದು. ಅದೇ ಧಾಟಿಯಲ್ಲಿ ಈಜುಕೊಳದ ಅಂಚಿಗೇ ಕಾಯಿ ಎತ್ತಿ ಹೊಡೆದಿರಿ.

"ಸಾರ್, ಕಲ್ಲಲ್ಲ ಅದು, ಫೈಬರ್ರು! ಬಗ್ತೈತೆ!" ಎಂದು ಜಮೀರ್ ಕೂಗಿದ.

ಕಾಯಿ ಚೆಂಡಿನ ಹಾಗೆ ಪುಟಿಯಿತು. ಇನ್ನೊಮ್ಮೆ ಹೊಡೆದಿರಿ, ಇನ್ನೊಮ್ಮೆ ಪುಟಿಯಿತು. ಮೂರನೆಯ ಸಲ ಕೈತಪ್ಪಿ ನೀರಿಗೆ ಹಾರಿ, ತೇಲುತ್ತಾ ಹೋಗಿ, ಕಸ ಎಳೆದುಕೊಳ್ಳುವ ಬಾಯಿಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು. ಪಂಪು ಹೆರಿಗೆ ಬೇನೆ ಬಂದಂತೆ ಕೂಗಿಕೊಂಡಿತು. ಜಮೀರ್ ಪಂಪು ನಿಲ್ಲಿಸಿ, ಮೊಣಕೈವರೆಗೆ ಕೈ ಹಾಕಿ ಕಾಯಿಯನ್ನು ಹೊರಗೆಳೆದ. ಅದರ ಮೇಲೆ ಒಂದು ಗೀರೂ ಇರಲಿಲ್ಲ. ತೆಂಗಿಗೆ ಹೆಸರಾದ ತಾಲ್ಲೂಕಿನಲ್ಲಿ, ತೆಂಗಿನ ತೋಟದ ನಡುವೆ, ತೆಂಗು ಬೆಳೆಯುವವರ ಕೈಯಲ್ಲಿ ಕಾಯಿಯೊಂದು ಒಡೆಯದೆ ಉಳಿಯಿತು. ತಮ್ಮ ಮುಖ ನೋಡಿ ನನಗೆ ನಗು ಬಂದದ್ದು ನಿಜ. ನಗಬಾರದಿತ್ತು, ಏಕೆಂದರೆ ಕೂಡಲೇ ತಡೆಯಾಜ್ಞೆ ಬಂತು: "ಕಾಯಿ ಒಡೀದೇ ಇರೋ ನೀರಿಗೆ ಯಾರೂ ಇಳೀಕೂಡದು."

6. ಪೂಜಾರಿಗೆ ಫೋನ್ ಮಾಡಲಾಯಿತು. ಆತ, "ಅದಕ್ಕೇನಂತೆ, ಗಂಗೆ ಪೂಜೆ ಮಾಡ್ಬಿಡ್ರಿ, ದೋಷ ಹೋಗ್ತೈತೆ" ಎಂದ. ಮಾಡಿದೆವು. ಅರಿಶಿನ, ಕುಂಕುಮ, ಹೂವು, ವೀಳ್ಯದೆಲೆ ಎಲ್ಲವನ್ನೂ ನೀರಿಗೆ ಬಿಟ್ಟೆವು. ಅಷ್ಟನ್ನೂ ಫಿಲ್ಟರ್ ನುಂಗಿತು. ಜಮೀರ್ ಮತ್ತೆ ಬಂದು ಅದನ್ನು ಬಿಚ್ಚಿ ತೊಳೆದ. ಇನ್ನಾದರೂ ಇಳಿಯಲೇ ಎಂದು ಕೇಳಿದೆ.

"ಪೂಜೆ ಮಾಡಿದ ನೀರಿಗೆ ಕಾಲಿಡ್ತಾರೇನೇ?" ಎಂದಿರಿ.

ಅಂದರೆ, ಕಾಯಿ ಒಡೆಯದ ಕಾರಣ ಇಳಿಯುವಂತಿರಲಿಲ್ಲ. ಅದರ ಪರಿಹಾರಕ್ಕೆ ಪೂಜೆ ಮಾಡಿದ ಕಾರಣ ಇಳಿಯುವಂತಿಲ್ಲ. ವೇದಾವತಿಗೆ ಬಾಗಿನ ಕೊಟ್ಟು ಅದೇ ನೀರಿನಲ್ಲಿ ಮುಳುಗೆದ್ದು ಬರುವ ಜನ ನಾವು. ಹೊಳೆಗಿಲ್ಲದ ಮಡಿ ಫೈಬರ್ ತೊಟ್ಟಿಗೆ ಎಲ್ಲಿಂದ ಬಂತೆಂಬ ಬಗ್ಗೆ ಕಡತದಲ್ಲಿ ಯಾವ ವಿವರಣೆಯೂ ಇಲ್ಲ.

7. ಅಂದಿನಿಂದ ಸದರಿ ಈಜುಕೊಳ ಪ್ರದರ್ಶನದಲ್ಲಿದೆ. ಸಂಜೆಯಾದರೆ ತಾವು ಸ್ವಿಚ್ ಹಾಕುತ್ತೀರಿ. ನೀರು ನೀಲಿಯಾಗಿ ಉರಿಯುತ್ತದೆ. ಮತ್ತೋಡಿನಿಂದಲೂ ಜನ ಬೈಕಿನಲ್ಲಿ ಬರುತ್ತಾರೆ. "ಬರ್ರಿ, ಕುಂತ್ಕಳ್ರಿ" ಎಂದು ತಾವು ಜಗಲಿಯ ಮೇಲೆ ಕುರ್ಚಿ ಹಾಕಿಸುತ್ತೀರಿ. "ಮನೆಯೋಳ ಮಂಡಿಗೆ ಮಾಡ್ಸಿದ್ದು" ಎನ್ನುತ್ತೀರಿ. ಅವರು "ಪುಣ್ಯವಂತೆ ಬಿಡ್ರಿ" ಎನ್ನುತ್ತಾರೆ. ಆಗ ಪುಣ್ಯವಂತೆ ಒಲೆಯ ಮುಂದೆ ಒಂಟಿ ಕಾಲಿನ ಮೇಲೆ ಭಾರ ಹಾಕಿ ನಿಂತು ಅಷ್ಟೂ ಜನರಿಗೆ ಟೀ ಕಾಯಿಸುತ್ತಿರುತ್ತಾಳೆ. ಈಜುಕೊಳ ಬಂದ ಮೇಲೆ ನನ್ನ ಮಂಡಿ ಹೆಚ್ಚು ಕೆಟ್ಟಿದೆ. ಇದನ್ನು ಡಾಕ್ಟರಿಗೆ ಹೇಗೆ ಹೇಳುವುದೋ ತಿಳಿಯದು.

8. ಇಷ್ಟಾದರೂ ಕಾಯಿ, ಪೂಜೆ ಎಲ್ಲ ನೆಪ ಎಂಬುದು ನಮ್ಮಿಬ್ಬರಿಗೂ ಗೊತ್ತಿದೆ. ಹೋದ ವಾರ ನಾನು ಬಿಡದೆ ಕೇಳಿದಾಗ ನಿಜ ಹೊರಬಂತು.

"ಎದುರಿಗೆ ಜನ ಕುಂತಿರ್ತಾರೆ. ನೀನು ಒದ್ದೆ ಸೀರೇಲಿ ಎದ್ದು ಬಂದ್ರೆ ನನ್ನ ಮರ್ಯಾದೆ ಏನಾಗ್ಬೇಕು?"

"ಹಂಗಾದ್ರೆ ಜನ ಬರೋದು ಬೇಡ ಅನ್ರಿ."

"ಬಂದೋರ್ನ ಬರಬ್ಯಾಡ ಅನ್ನಾಕಾಗ್ತೈತೇನೆ?"

ತಮ್ಮ ಮರ್ಯಾದೆಯನ್ನು ನನ್ನ ಸೀರೆಯಲ್ಲಿ ಇಟ್ಟಿದ್ದೀರೆಂಬುದು ಇಷ್ಟು ವರ್ಷ ನನಗೆ ತಿಳಿದಿರಲಿಲ್ಲ. ತಿಳಿದಿದ್ದರೆ ಒಗೆಯುವ ಕಲ್ಲಿನ ಮೇಲೆ ಇಷ್ಟು ಜೋರಾಗಿ ಬಡಿಯುತ್ತಿರಲಿಲ್ಲ.

9. ಬೆಳಿಗ್ಗೆ ಎದ್ದಾಗ ನಾನು ಮಂಚದ ಅಂಚು ಹಿಡಿದು ಬಹಳ ಹೊತ್ತು ಕೂತೇ ಇರುತ್ತೇನೆ. ಕಾಲು ಕೆಳಗಿಡಲು ಧೈರ್ಯ ಬರುವುದಿಲ್ಲ. ತಾವು ಹೊರಗೆ ಪೇಪರ್ ಓದುತ್ತಿರುತ್ತೀರಿ, ಆದ್ದರಿಂದ ನೋಡಿಲ್ಲ. ಇದನ್ನು ಕಚೇರಿಯ ಭಾಷೆಯಲ್ಲಿ ಬರೆಯಲು ಮೂರು ಸಲ ಪ್ರಯತ್ನಿಸಿ ಹೊಡೆದುಹಾಕಿದ್ದೇನೆ. ನೋವಾಗುತ್ತದೆ ರೀ. ಬಹಳ ನೋವಾಗುತ್ತದೆ. ಮನೆಯ ಮುಂದೆಯೇ ಔಷಧಿ ನೀಲಿಯಾಗಿ ಹೊಳೆಯುತ್ತಾ ನಿಂತಿರುವಾಗ ಅದನ್ನು ಕಿಟಕಿಯಿಂದ ನೋಡಿಕೊಂಡು ಟೀ ಸೋಸುವುದು ಮಂಡಿಗಿಂತ ಹೆಚ್ಚು ನೋಯಿಸುತ್ತದೆ.

10. ಇಂದು ಸಂಜೆ ಹೊಸದುರ್ಗದಿಂದ ತಮ್ಮ ಹಳೆಯ ಸಹೋದ್ಯೋಗಿಗಳು ದೀಪ ನೋಡಲು ಬರುವವರಿದ್ದಾರೆಂದು ತಿಳಿಸಿದ್ದೀರಿ. ತಾವು ಅವರನ್ನು ಎದುರುಗೊಳ್ಳಲು ಗೇಟಿನವರೆಗೆ ಹೋಗುವುದು ವಾಡಿಕೆ. ಆ ವೇಳೆಯಲ್ಲಿ ನಾನು ಹಿತ್ತಲ ಬಾಗಿಲಿನಿಂದ ಹೊರಟು, ಹಳೆಯ ದಪ್ಪ ನೂಲಿನ ಸೀರೆಯುಟ್ಟು, ಓಬಮ್ಮನ ಹೆಗಲು ಹಿಡಿದು ಈಜುಕೊಳಕ್ಕೆ ಇಳಿಯತಕ್ಕದ್ದೆಂದು ನಿರ್ಧರಿಸಲಾಗಿದೆ. ಈ ಅರ್ಜಿ ತಮ್ಮ ಕೈಯಲ್ಲಿದೆ ಎಂದರೆ ನಾನು ಇಳಿದಿದ್ದೇನೆ ಎಂದರ್ಥ. ಕಾರಣ, ವಿಷಯದಲ್ಲಿ "ಅನುಮತಿ" ಎಂದಿರುವುದನ್ನು "ಘಟನೋತ್ತರ ಅನುಮೋದನೆ" ಎಂದು ತಿದ್ದಿ ಓದಿಕೊಳ್ಳುವುದು. ಕೆಲಸ ಮೊದಲು ಮಾಡಿ ಮಂಜೂರಾತಿ ಆಮೇಲೆ ಪಡೆಯುವ ಪದ್ಧತಿ ಇದೆಯೆಂದು ನನಗೆ ತಿಳಿಸಿಕೊಟ್ಟವರೂ ತಾವೇ.

ಆದ್ದರಿಂದ, ಮೇಲ್ಕಂಡ ಎಲ್ಲ ಅಂಶಗಳನ್ನು ಸಹಾನುಭೂತಿಯಿಂದ ಪರಿಶೀಲಿಸಿ, ದೀಪದ ಸ್ವಿಚ್ ಹಾಕುವುದೋ ಬಿಡುವುದೋ ತಾವೇ ತೀರ್ಮಾನಿಸಬೇಕಾಗಿ ಕೋರುತ್ತೇನೆ. ಹಾಕಿದರೆ ಬಂದವರಿಗೆ ನಾನು ಕಾಣುತ್ತೇನೆ. ಹಾಕದಿದ್ದರೆ ಯಾಕೆ ಹಾಕಲಿಲ್ಲವೆಂದು ತಾವು ಅವರಿಗೆ ಹೇಳಬೇಕಾಗುತ್ತದೆ. ಎರಡರಲ್ಲಿ ಯಾವುದಕ್ಕೂ ನನ್ನ ಆಕ್ಷೇಪಣೆ ಇಲ್ಲ. ಇಂದು ಟೀ ಇರುವುದಿಲ್ಲ. ಮಾಡುವುದಾದರೆ ಸಕ್ಕರೆ ಡಬ್ಬಿ ಎಲ್ಲಿದೆಯೆಂದು ಓಬಮ್ಮ ತೋರಿಸುತ್ತಾಳೆ.

ಇಷ್ಟು ವರ್ಷಗಳ ಸಹವಾಸದ ಮೇಲೂ ತಮ್ಮ ವಿಶ್ವಾಸಿಯೇ ಆಗಿ, ಹಾಲಿ ಎದೆಮಟ್ಟ ನೀರಿನಲ್ಲಿರುವ,
ಸರ್ವಮಂಗಳ

ಸ್ಥಳ: ಈಜುಕೊಳ
ವೇಳೆ: ದೀಪ ಹಚ್ಚುವ ಹೊತ್ತು

ಅಡಕಗಳು:
1. ಡಾಕ್ಟರ ಚೀಟಿ (ಅಸಲು. "ದಿನಾ" ಎಂಬ ಪದದ ಕೆಳಗೆ ಗೆರೆ ಎಳೆದವಳು ನಾನು.)
2. ಒಣ ಸೀರೆ, ಟವೆಲ್ (ಓಬಮ್ಮನ ಕೈಯಲ್ಲಿವೆ. ಅವಳು ತಮಗೆ ಕೊಡುತ್ತಾಳೆ, ನನಗಲ್ಲ.)

ವಿಶೇಷ ಸೂಚನೆ: ಇಳಿಯುವುದು ಹೇಗೋ ಆಗುತ್ತದೆ. ಹತ್ತಿ ಬರುವಾಗ ನನ್ನ ಕೈ ಹಿಡಿದುಕೊಳ್ಳಲು ಒಬ್ಬರು ಬೇಕು, ಓಬಮ್ಮನಿಗೆ ಅಷ್ಟು ಶಕ್ತಿಯಿಲ್ಲ. ಆದಕಾರಣ ತಾವು ಬಂದವರಿಗೆ ಒಂದು ಮಾತು ಹೇಳಿ, ಪಂಚೆ ಎತ್ತಿ ಕಟ್ಟಿ, ಮೊದಲನೇ ಮೆಟ್ಟಿಲವರೆಗೆ ನೀರಿಗೆ ಇಳಿಯಬೇಕಾಗಿ ವಿನಂತಿ. ಅವಸರವೇನಿಲ್ಲ. ತಾವು ಬರುವವರೆಗೆ ನಾನು ನಡೆಯುತ್ತಿರುತ್ತೇನೆ.