ಅಮಾತೆಪ್ಪನ ಕೊಂಡಿಕಾಳಗ

ಎಲೈ ವಾಗ್ದೇವಿಯೇ, ಜಾವಾ ಭಾಷೆಯ ಸಮಸ್ತ ಅರ್ಧವಿರಾಮಗಳನ್ನೂ ಬಲ್ಲವಳೇ, ಒಂದು ಗಳಿಗೆ ನನ್ನ ನಾಲಗೆಯ ಮೇಲೆ ಕುಳಿತುಕೊ. ಡಿಪ್ಲೊಮಾ ಯುಗದ ಐದನೆಯ ಸೆಮಿಸ್ಟರಿನಲ್ಲಿ, ಪ್ರಾಕ್ಟಿಕಲ್ ಪರೀಕ್ಷೆಯೆಂಬ ಪ್ರಳಯಕಾಲವು ಒದಗಿರಲು, ನೇಕಾರರ ಊರೊಂದರ ಪಾಲಿಟೆಕ್ನಿಕ್ಕಿನ ಕಂಪ್ಯೂಟರ್ ಲ್ಯಾಬಿನೊಳಗೆ ಬೆಳಗಿನ ಹತ್ತರಿಂದ ಮಧ್ಯಾಹ್ನದ ಒಂದರವರೆಗೆ ನಡೆದ ಘೋರ ಸಮರವನ್ನು ಹಾಡುತ್ತೇನೆ. ದ್ವಿವಾರಪರಾಜಿತನೂ ತೃತೀಯಯತ್ನದೀಕ್ಷಿತನೂ ಕಂಠಪಾಠಕಂಠೀರವನೂ ಆದ ಅಮಾತೆಪ್ಪನೇ ಇದರ ನಾಯಕ. ನಗುವವರು ನಗಬಹುದು. ನನಗಂತೂ ಅವನ ಮೇಲೆ ಮೊದಲಿನಿಂದಲೂ ಮಮತೆಯಿದೆ.

ಸಮರಕ್ಕೆ ಕಾರಣವನ್ನು ಕೇಳಿರಿ. ಈ ಒಂದೇ ಲ್ಯಾಬಿನಲ್ಲಿ ಎರಡು ಸಲ ನಪಾಸಾದ ಮಗನಿಗೆ ಅವ್ವ ಗಂಗವ್ವ ಹಿಂದಿನ ದಿನವೇ ಕಡ್ಡಿ ಮುರಿದಂತೆ ಹೇಳಿದ್ದಳು: "ಈ ಸಲನೂ ಹೋತಂದ್ರ ಪುಸ್ತಕ ಕಟ್ಟಿ ಅಟ್ಟದ ಮ್ಯಾಲ ಇಡು. ಮಗ್ಗಕ್ಕ ಕೂಡು." ಅದಕ್ಕಿಂತ ದೊಡ್ಡ ಗಂಡಾಂತರ ಇನ್ನೊಂದಿತ್ತು. ಎರಡು ವರ್ಷ ಚಿಕ್ಕವಳಾದ ತಂಗಿ ನೀಲಾಂಬಿಕೆ ಓದುತ್ತ ಓದುತ್ತ ಅದೇ ಸೆಮಿಸ್ಟರಿಗೆ ಬಂದು, ಅದೇ ದಿನ, ಅದೇ ಬ್ಯಾಚಿನಲ್ಲಿ, ಅಣ್ಣನ ಪಕ್ಕದ ಕಂಪ್ಯೂಟರಿನ ಮುಂದೆಯೇ ಕುಳಿತಿದ್ದಳು. ಅವಳು ಪಾಸಾಗಿ ತಾನು ಉಳಿದರೆ ಊರಿನಲ್ಲಿ ತಲೆ ಎತ್ತುವುದು ಹೇಗೆ?

ಸಮಸ್ತ ಯೋಧರೂ ಪಾದರಕ್ಷೆಗಳನ್ನು ಹೊಸ್ತಿಲಾಚೆ ವಿಸರ್ಜಿಸಿ, ಕೀಲಿಮಣೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ ಮೇಲೆ, ಪರವೂರಿನಿಂದ ಬಂದ ಪರೀಕ್ಷಕಿ, ದೃಷ್ಟಿಮಾತ್ರದೋಷದರ್ಶಿನಿಯಾದ ಸುಮಿತ್ರಾ ಕಟಗೇರಿ ಮೇಡಂ ಚೀಟಿಗಳ ಡಬ್ಬಿಯನ್ನು ಮುಂದೆ ಹಿಡಿದರು. ನೀಲಾಂಬಿಕೆಗೆ ಬಂದದ್ದನ್ನು ಅವಳು ಅರ್ಧ ಗಂಟೆಯಲ್ಲಿ ಮುಗಿಸಿದಳು, ಆ ಮಾತು ಬಿಡಿ. ಅಮಾತೆಪ್ಪನ ಚೀಟಿಯಲ್ಲಿ ಇದ್ದದ್ದು ಲಿಂಕ್ಡ್ ಲಿಸ್ಟ್: ಒಂದೊಂದು ಕೊಂಡಿಯಲ್ಲೂ ಒಂದು ಸಂಖ್ಯೆ, ಜೊತೆಗೆ ಮುಂದಿನ ಕೊಂಡಿಯ ವಿಳಾಸ. ಮೊದಲ ಕೊಂಡಿಯ ವಿಳಾಸವನ್ನು ಮಾತ್ರ 'ಹೆಡ್' ಎಂಬ ಹೆಸರು ಕಾಯ್ದುಕೊಂಡಿರುತ್ತದೆ. ಹೊಸ ಕೊಂಡಿ ಬಂದರೆ ಸಾಲಿನ ಮುಂದೆಯೇ ಸೇರಿಸಬೇಕು.

ಆಗ ವೀರನು ಎದ್ದು ನಿಂತು, ಮೂರು ಲೋಕಕ್ಕೂ ಕೇಳಿಸುವಂತೆ, "ನಿದ್ರಾವಸ್ಥೆಯಲ್ಲಿಯೂ ಸ್ಖಲಿಸದ ಈ ಜಿಹ್ವೆಯ ಮುಂದೆ ಇಂಥ ಕ್ಷುದ್ರಕ್ರಮವಿಧಿಯು ಎಷ್ಟರದು!" ಎಂದು ಗರ್ಜಿಸಿದನು. ಎಂದರೆ, ಅವನು ಆಡಿದ ಮಾತು ಇದು: "ಇದ ಬಂತಲ್ರೀ ಮೇಡಂ! ನಿದ್ದಿಗಣ್ಣಾಗ ಎಬ್ಬಿಸಿ ಕೇಳ್ರಿ, ಒಂದು ಸೆಮಿಕೋಲನ್ ತಪ್ಪಂಗಿಲ್ಲ."

"ಮಾತು ಸಾಕಪಾ, ಬರಿ," ಎಂದರು ಮೇಡಂ.

ಬರೆದನು. ಮೋಡ ಕವಿದಂತೆ ಕ್ಲಾಸು ಕವಿಯಿತು, ಕನ್‌ಸ್ಟ್ರಕ್ಟರು ಎದ್ದಿತು, ಪುಷ್ಪಬಾಣಗಳಂತೆ ಪುಷ್ಪಾವರಣಗಳು ತೆರೆದು ಮುಚ್ಚಿದವು. ಹತ್ತು, ಇಪ್ಪತ್ತು, ಮೂವತ್ತು ಎಂಬ ಮೂರು ಸಂಖ್ಯೆಗಳನ್ನು ಸೇರಿಸಿ, ಎದೆ ಸೆಟೆಸಿ, ಓಡಿಸುವ ಗುಂಡಿಯನ್ನು ಒತ್ತಿದನು. ಮೂವತ್ತು, ಇಪ್ಪತ್ತು, ಹತ್ತು ಎಂದು ಬಂದು ನಿಲ್ಲಬೇಕಿತ್ತು. ಪರದೆಯ ಮೇಲೆ ಮೂವತ್ತು ಬಂತು. ಮತ್ತೆ ಮೂವತ್ತು ಬಂತು. ಆಮೇಲೆ ಮೂವತ್ತು, ಮೂವತ್ತು, ಮೂವತ್ತು ಎಂದು ರಕ್ತಬೀಜಾಸುರನ ಸಂತಾನವು ಪರದೆಯನ್ನು ತುಂಬಿ ಮೇಲಕ್ಕೆ ಹರಿದುಹೋಗತೊಡಗಿತು. ಕಂಪ್ಯೂಟರಿನ ಡಬ್ಬಿಯೊಳಗಿನ ಫ್ಯಾನು ಊಳಿಟ್ಟಿತು. ನಮ್ಮ ವೀರನು ಕೈಗೆ ಸಿಕ್ಕ ಗುಂಡಿಗಳನ್ನೆಲ್ಲ ಒತ್ತಿ ಅದನ್ನು ಹೇಗೋ ನಿಲ್ಲಿಸಿದನು.

ಪಕ್ಕದಲ್ಲಿ ನೀಲಾಂಬಿಕೆ ಹಣೆ ಚಚ್ಚಿಕೊಂಡಳು. ಅವಳಿಗೆ ಕಾರಣ ಗೊತ್ತಾಯಿತು. ಅಣ್ಣನು ಉರು ಹೊಡೆದದ್ದು ಅವಳದೇ ರೆಕಾರ್ಡ್ ಪುಸ್ತಕವನ್ನು, ಅದೂ ಅವಳಿಗೆ ಹೇಳದೆ. ಆ ಪುಸ್ತಕದಲ್ಲಿ ಒಂದು ಸಾಲನ್ನು ಬರೆಯಲು ಮರೆತಿದ್ದ ಅವಳು, ಇಲ್ಲಿ ಸೇರಬೇಕೆಂದು ನಕ್ಷತ್ರದ ಗುರುತು ಹಾಕಿ, ಸಾಲನ್ನು ಪುಟದ ತಳದಲ್ಲಿ ಬರೆದಿದ್ದಳು. ಪ್ರತಿ ಪುಟದ ಅಂಚಿಗೂ ಹೂಬಳ್ಳಿ ಬಿಡಿಸುವ ಹುಡುಗಿ ಅವಳು. ಅಣ್ಣ ಆ ನಕ್ಷತ್ರವನ್ನೂ ಒಂದು ಹೂವೆಂದೇ ತಿಳಿದು, ತಳದ ಸಾಲನ್ನು ತಳದಲ್ಲೇ ಬಾಯಿಪಾಠ ಮಾಡಿದ್ದ. ಕದ್ದು ಓದಿದವನಿಗೆ ಕೇಳುವುದಕ್ಕೂ ಬಾಯಿಲ್ಲ ನೋಡಿ.

ಮೇಡಂ ಬಂದು ನಿಂತರು. "ಪ್ರೋಗ್ರಾಂ ಬದಲ್ ಮಾಡ್ಕೋತಿ? ಹತ್ತು ಮಾರ್ಕ್ಸ್ ಕಡಿತೀನಿ."

ಹತ್ತು ಹೋದರೆ ಪಾಸಾಗುವುದು ಕನಸಿನ ಮಾತು. "ಬ್ಯಾಡ್ರಿ ಮೇಡಂ," ಎಂದನು, ಈ ಸಲ ಗರ್ಜನೆಯಿಲ್ಲದೆ.

"ಹಂಗಾರ ಹದಿನೈದು ನಿಮಿಷ ಐತಿ ನಿನಗ. ಉರು ಹೊಡದದ್ದು ಮರತುಬಿಡು. ಮೂವತ್ತು ಬಂದಾಗ ಇಪ್ಪತ್ತು ಎಲ್ಲಿ ಹೋತು? ಅದನ್ನ ಹೇಳು ಸಾಕು."

ಅಯ್ಯೋ! ಕಂಠವೇ ಆಯುಧವಾದವನಿಗೆ ಕಂಠವನ್ನೇ ಕಟ್ಟಿದರೆ ಏನು ಮಾಡಿಯಾನು? ಅವನು ಹಾಳೆಯ ಮೇಲೆ ಮೂರು ಡಬ್ಬಿ ಬರೆದನು, ಬಾಣ ಎಳೆದನು, ಅಳಿಸಿದನು, ಬೆವರಿದನು. ಅವನ ಕಣ್ಣಲ್ಲಿ ನೀರು ನಿಂತದ್ದನ್ನು ನಾನು ಬಚ್ಚಿಡುವುದಿಲ್ಲ. ತನ್ನ ಇಷ್ಟು ವರ್ಷದ ಓದಿನಲ್ಲಿ ಒಂದು ಸಾಲಿಗಾದರೂ 'ಯಾಕೆ' ಎಂದು ಕೇಳಿರಲಿಲ್ಲವೆಂಬುದು ಅವನಿಗೆ ಆಗ ಹೊಳೆಯಿತು, ಹೊಳೆದು ನೋಯಿಸಿತು. ಮುಂದೆ ಮಗ್ಗವೇ ಗತಿ ಎಂದು ಕಣ್ಣು ಮುಚ್ಚಿದನು. ಮುಚ್ಚಿದ ಕಣ್ಣಿಗೆ ಮಗ್ಗವೇ ಕಂಡಿತು.

ಮಗ್ಗದ ಮೇಲಿನ ಹಾಸು, ಎಂದರೆ ಉದ್ದನೆಯ ಎಳೆಗಳ ಸಾಲು, ಮುಗಿಯುತ್ತ ಬಂದಾಗ ಅವ್ವ ಹಳೆಯ ಎಳೆಗಳನ್ನು ಕಿತ್ತು ಬಿಸಾಡುತ್ತಿರಲಿಲ್ಲ. ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಎಳೆಯ ತುದಿಗೆ ಬೂದಿ ಹಚ್ಚಿದ ಬೆರಳಿನಿಂದ ಹೊಸೆದು ಕೂಡಿಸುತ್ತಿದ್ದಳು. ಒಮ್ಮೆ ಅವನು ಅವಸರಕ್ಕೆ ಹಳೆಯ ಎಳೆ ಬಿಟ್ಟುಬಿಟ್ಟಾಗ ಬೆನ್ನ ಮೇಲೆ ಗುದ್ದು ಬಿದ್ದಿತ್ತು: "ಮೊದಲ ಹಳೇದನ್ನ ಹಿಡಿಯೋ ಮೂಳ! ಅದನ್ನ ಬಿಟ್ಟ ಮ್ಯಾಲ ಹೊಸದನ್ನ ಯಾವದಕ್ಕ ಹೊಸೀತಿ?"

ಕಣ್ಣು ತೆರೆದನು. ಬರೆದ ಸಾಲುಗಳನ್ನು ಮೊದಲ ಬಾರಿಗೆ ಓದಿದನು. "ಮೇಡಂ," ಎಂದನು ಸಣ್ಣ ದನಿಯಲ್ಲಿ, "ಮೂವತ್ತಕ್ಕ ನಾ ಮೊದಲ ಹೆಡ್ ಅಂತ ಪಟ್ಟ ಕಟ್ಟಿಬಿಟ್ಟೀನ್ರಿ. ಆಮ್ಯಾಲ ಹೆಡ್‌ನ ಕೈ ಹಿಡಿ ಅಂದೀನಿ. ಹೆಡ್ ಈಗ ಅದ ಐತ್ರಿ. ತನ್ನ ಕೈ ತಾನ ಹಿಡ್ಕೊಂಡು ಕುಂತೈತಿ. ಇಪ್ಪತ್ತನ್ನ ಯಾರೂ ಹಿಡದಿಲ್ರಿ."

"ಹಾಂ. ಮತ್ತ?"

ಆಗ, ಕೇಳಿರಿ, ಚತುಸ್ಸಮುದ್ರಗಳು ಸ್ತಬ್ಧವಾಗಿರಲು, ಸೀಲಿಂಗ್ ಫ್ಯಾನು ಮಾತ್ರ ತಿರುಗುತ್ತಿರಲು, ಆ ಮಹಾಬಾಹುವು ಕೆಳಗಿನ ಸಾಲನ್ನು ಕತ್ತರಿಸಿ, ಮೇಲಿನ ಸಾಲಿನ ಮೇಲಕ್ಕೆ ಅಂಟಿಸಿದನು. ಮೊದಲು ಹಳೆಯದರ ಕೈ, ಆಮೇಲೆ ಪಟ್ಟ. ಗುಂಡಿ ಒತ್ತಿದನು. ಮೂವತ್ತು ಬಂತು. ಲ್ಯಾಬೆಲ್ಲ ಉಸಿರು ಹಿಡಿಯಿತು. ಇಪ್ಪತ್ತು ಬಂತು. ಹತ್ತು ಬಂದು, ನಿಂತಿತು.

ನೀಲಾಂಬಿಕೆ "ಹೋ!" ಎಂದು ಕೂಗಿಯೇಬಿಟ್ಟಳು. ಮೇಡಂ ಅವಳತ್ತ ಒಮ್ಮೆ ಗದರುವ ಕಣ್ಣು ಬಿಟ್ಟು, ಹಾಳೆಯ ಮೇಲಿನ ಮೂರು ಡಬ್ಬಿಗಳ ಪಕ್ಕ ಸಹಿ ಹಾಕಿದರು. "ಪಾಸಾದಿ ಹೋಗಪಾ. ಬಾಯಿಪಾಠಕ್ಕಲ್ಲ, ಇದಕ್ಕ," ಎಂದು ಆ ಡಬ್ಬಿಗಳನ್ನು ತೋರಿಸಿ, ಮುಂದಿನ ಕಂಪ್ಯೂಟರಿಗೆ ಹೋದರು.

ವಿಜಯಿಯು ಹೊರಗೆ ಬೇವಿನ ಮರದ ಕೆಳಗೆ ನಿಂತು, ತಂಗಿಯ ಫೋನಿನಿಂದ ಮನೆಗೆ ವಿಜಯವಾರ್ತೆಯನ್ನು ಕಳಿಸಿದನು.

"ಅವ್ವಾ, ಪಾಸಾದೆ! ನೀಲಾನೂ ಪಾಸು, ನಾನೂ ಪಾಸು!"

ಆಚೆ ಕಡೆ ಮಗ್ಗದ ಸದ್ದು ನಿಂತಿತು. ಗಂಗವ್ವ ಮೂಗು ಒರೆಸಿಕೊಂಡು ಕೇಳಿದಳು: "ಚಲೋ ಆತಪ್ಪಾ ನನ್ನಪ್ಪ. ಏನ್ ಮಾಡಿ ತೋರ್ಸಿದಿ ಮತ್ತ?"

"ಕಂಪ್ಯೂಟರಿನ್ಯಾಗ ಮೂವತ್ತು, ಇಪ್ಪತ್ತು, ಹತ್ತು ಅಂತ ಬರೂಹಂಗ ಮಾಡಿದೆ ಅವ್ವಾ."

"ಆಮ್ಯಾಲ?"

"ಆಮ್ಯಾಲ ನಿಂತತಿ."

ಗಂಗವ್ವ ಮುಂದೇನಾದರೂ ಇದೆಯೇನೋ ಎಂದು ಕಾದಳು. ಇರಲಿಲ್ಲ.

"ಇಷ್ಟ ಏನು?" ಎಂದಳು. "ಇದನ್ನ ಅಂಗನವಾಡಿ ಕೂಸುಗೋಳು ಹೇಳ್ತಾವಲ್ಲೋ!"