ಅಣ್ಣನ ಸಪ್ಪಳದ ಗಾಡಿ

ನಾನು ಗದಗಿನ ಒಂದು ಮುದ್ರಣಾಲಯದಲ್ಲಿ ಲಗ್ನಪತ್ರಿಕೆಗಳ ಕರಡು ತಿದ್ದುತ್ತೇನೆ. ವರನ ಸೋದರಮಾವನ ಹೆಸರು ಬಿಟ್ಟುಹೋಗಿ ಬೀಗರಲ್ಲಿ ಜಗಳ ಹತ್ತುವುದನ್ನು ಎಷ್ಟೋ ಸಲ ತಪ್ಪಿಸಿದ್ದೇನೆ. ಇಂಥ ಕಣ್ಣುಳ್ಳವನಿಗೆ ಒಂದು ಹಳೆಯ ಮೋಟಾರ್ ಸೈಕಲ್ ಆರಿಸುವುದು ಯಾವ ದೊಡ್ಡ ಕೆಲಸ ಎಂದು ತಿಳಿದಿದ್ದೆ. ಗಾಡಿ ಹೊಡೆಯಲು ಕಲಿತು ಇನ್ನೂ ಹೆಚ್ಚು ದಿನ ಆಗಿರಲಿಲ್ಲ. ಕಲಿತೆ ಅಂದರೆ, ಬೀಳುವುದು ಕಡಿಮೆಯಾಗಿತ್ತು.

ಗಾಡಿ ಬೇಕಾದದ್ದು ಅವ್ವನ ಸಲುವಾಗಿ. ಅವ್ವನ ತವರು ಮುಂಡರಗಿ ತಾಲೂಕಿನ ಹಮ್ಮಿಗಿ. ಅಲ್ಲಿ ಅವಳ ತಂಗಿ, ನಮ್ಮ ಚಿಗವ್ವ, ಹಾಸಿಗೆ ಹಿಡಿದಿದ್ದಳು. ಬಸ್ಸಾಗಲಿ ಕಾರಾಗಲಿ, ಮುಚ್ಚಿದ ಗಾಡಿ ಹತ್ತಿದರೆ ಅವ್ವನಿಗೆ ವಾಂತಿ. ಅದಕ್ಕೇ ಅಣ್ಣ ಅಮಾವಾಸ್ಯೆಗೊಮ್ಮೆ ತನ್ನ ಸಣ್ಣ ಟೂ-ಸ್ಟ್ರೋಕ್ ಗಾಡಿಯ ಮೇಲೆ ಅವಳನ್ನು ಕೂರಿಸಿಕೊಂಡು ಹೋಗಿಬರುತ್ತಿದ್ದ. ಅಣ್ಣ ಮದುವೆಯಾಗಿರಲಿಲ್ಲ. ಅವನ ಸಂಸಾರ ಅಂದರೆ ಅವ್ವ ಮತ್ತು ಆ ಗಾಡಿ.

ಹೋದ ವರ್ಷ ಎದೆನೋವು ಎಂದು ಮಲಗಿದ ಅಣ್ಣ ಏಳಲಿಲ್ಲ. ಅವನ ಉತ್ತರಕ್ರಿಯೆಯ ಪತ್ರಿಕೆಯ ಕರಡನ್ನೂ ನಾನೇ ತಿದ್ದಿದೆ. ಒಂದು ತಪ್ಪೂ ಸಿಗಲಿಲ್ಲ. ಸಿಕ್ಕಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಅವನ ಗಾಡಿ ಅಂಗಳದಲ್ಲಿ ನಿಂತಿದ್ದರೆ ಅವ್ವ ಊಟಕ್ಕೆ ಏಳುತ್ತಿರಲಿಲ್ಲ, ಹಾಗಾಗಿ ಅದನ್ನು ಕೊಟ್ಟುಬಿಟ್ಟೆವು. ಅಂದಿನಿಂದ ಅವ್ವ ಹೊಸ್ತಿಲು ದಾಟಲಿಲ್ಲ. ಅಳಲೂ ಇಲ್ಲ. ಅತ್ತ ಚಿಗವ್ವ ಮಾತ್ರ, ಕಣ್ಣು ಮುಚ್ಚುವುದರೊಳಗೆ ಅಕ್ಕನನ್ನೊಮ್ಮೆ ತೋರಿಸಿರಿ ಎಂದು ಫೋನಿನಲ್ಲಿ ಹೇಳಿಸುತ್ತಲೇ ಇದ್ದಳು.

ಹೊಸ ಸ್ಕೂಟರ್ ತಗೊಳ್ಳಿರಿ, ಗೇರಿನ ತಾಪತ್ರಯ ಇರುವುದಿಲ್ಲ ಎಂದು ನನ್ನ ಹೆಂಡತಿ ಶಾಂತಾ ಹೇಳಿದಳು. ನಾನು ಕೇಳಲಿಲ್ಲ. ಟೂ-ಸ್ಟ್ರೋಕ್ ಹಗುರ, ಬಿದ್ದರೆ ನಾನೇ ಎತ್ತಬಹುದು, ಅವ್ವನಿಗೆ ಆ ಸೀಟಿನ ಎತ್ತರ ರೂಢಿ ಎಂದು ಕಾರಣಗಳನ್ನು ಕೊಟ್ಟೆ. ಖರೆ ಕಾರಣ ಯಾರಿಗೂ ಹೇಳಲಿಲ್ಲ. ನನಗೆ ಅಣ್ಣನ ಗಾಡಿಯ ಸಪ್ಪಳವೇ ಬೇಕಾಗಿತ್ತು.

ಹೀಗಾಗಿ ಗಾಡಿಯನ್ನು ನಾನು ಕಿವಿಯಿಂದ ಆರಿಸಿದೆ! ಶಿರಹಟ್ಟಿಯಲ್ಲಿ ಒಬ್ಬ ನಿವೃತ್ತ ಮಾಸ್ತರರು ದಿನಾ ಒರೆಸಿಟ್ಟ ಗಾಡಿ ತೋರಿಸಿದರು. ಒಂದು ಗೀರಿಲ್ಲ. ಒಂದೇ ಕಿಕ್ಕಿಗೆ ಚಾಲೂ ಆಯಿತು. ಸಪ್ಪಳ ಸ್ವಲ್ಪ ತೆಳುವಾಯಿತು ಎಂದು ಬಿಟ್ಟುಬಂದೆ. ಮಾಸ್ತರರು ನನ್ನನ್ನು ಬಹಳ ಹೊತ್ತು ನೋಡಿದರು. ಕೊನೆಗೆ ಲಕ್ಷ್ಮೇಶ್ವರದಲ್ಲಿ ಹಳೆ ಗಾಡಿ ಮಾರುವವನೊಬ್ಬ ಮೂಲೆಯಿಂದ ಒಂದನ್ನು ಎಳೆದು ತಂದ. ಇಂಡಿಕೇಟರ್ ಇಲ್ಲ, ಸೀಟು ಹರಿದಿತ್ತು. ಒದ್ದೂ ಒದ್ದೂ ಬೆವರಿಳಿಸಿಕೊಂಡು ಚಾಲೂ ಮಾಡಿದ. ನಾನು ಕಣ್ಣು ಮುಚ್ಚಿ ನಿಂತೆ. ಅದೇ ಸಪ್ಪಳ.

"ಸಾಹೇಬ್ರ, ನಿದ್ದಿ ಬಂತೇನ್ರಿ?" ಎಂದು ಅವನು ಕೇಳಿದ.

ವ್ಯವಹಾರ ಮುಗಿದ ಮೇಲೆ ಅವನು ಒಂದು ಬಾಟಲಿ ಎಣ್ಣೆ ಕೈಗಿಟ್ಟು, ಇದನ್ನು ಪೆಟ್ರೋಲ್ ಹಾಕಿಸುವಾಗ ಏನು ಮಾಡಬೇಕೆಂದರೆ, ಎಂದು ಶುರು ಮಾಡಿದ. ನಾನು ಕೈ ಎತ್ತಿ ತಡೆದೆ. ನಮ್ಮ ಮನೆಯಲ್ಲಿ ಇಂಥ ಗಾಡಿ ಬಹಳ ವರ್ಷ ಇತ್ತು, ನನಗೆ ಎಲ್ಲಾ ಗೊತ್ತಿದೆ ಎಂದೆ. ಇತ್ತು ಎಂಬುದು ನಿಜ. ನಾನು ಅದರ ಹಿಂದಿನ ಸೀಟಿನಲ್ಲಿ ಕೂತಿದ್ದೆ ಎಂಬುದೂ ನಿಜ.

ಬೆಟಗೇರಿಯ ನಮ್ಮ ಓಣಿಗೆ ಗಾಡಿಯ ಸಮೇತ ನನ್ನ ಆಗಮನವಾಯಿತು. ಸಪ್ಪಳ ಕೇಳಿ ಎದುರುಮನೆಯಲ್ಲಿ ಮಗ್ಗ ನಿಂತಿತು. ನಾನು ಹೆಮ್ಮೆಯಿಂದ ಇನ್ನೊಮ್ಮೆ ಎಕ್ಸಿಲರೇಟರ್ ತಿರುವಿದೆ. ಆಗ ಅವ್ವ ಒಳಗಿನಿಂದ ಬಂದಳು. ವರ್ಷದಿಂದ ಗೋಡೆ ಹಿಡಿದು ನಡೆಯುತ್ತಿದ್ದವಳು ಓಡಿಯೇ ಬಂದಳು. ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದಳು, ಹಿಂದಿನ ಸೀಟು ನೋಡಿದಳು, ಓಣಿಯ ತಿರುವನ್ನೂ ನೋಡಿದಳು. ಆಮೇಲೆ ಒಳಗೆ ಹೋದಳು.

"ನಿಮಗೇನರ ಖಬರ ಐತೇನ್ರಿ?" ಎಂದು ಶಾಂತಾ ಮೆಲ್ಲಗೆ ಕೇಳಿದಳು. ನನಗೆ ಖಬರವೂ ಇರಲಿಲ್ಲ, ಬುದ್ಧಿಯೂ ಇರಲಿಲ್ಲ. ಎಂಜಿನ್ ಬಂದ್ ಮಾಡುವ ಗುಂಡಿ ಎಲ್ಲಿದೆ ಎಂಬುದೂ ಆ ಹೊತ್ತಿಗೆ ನೆನಪಾಗದೆ, ಗಾಡಿ ಇನ್ನೂ ಬಡಕೊಳ್ಳುತ್ತಲೇ ಇತ್ತು.

ಆ ಸಂಕಟ ಮರೆಯಲು ಮರುದಿನ ಬಾಟಲಿಯ ಎಣ್ಣೆ ಹಿಡಿದು ಕೂತೆ. ಚೈನಿಗೆ ಹಾಕಿದೆ. ಉಳಿಯಿತೆಂದು ಬಾಗಿಲಿನ ತಿರುಗಣಿಗೆ, ಶಾಂತಾಳ ಹೊಲಿಗೆ ಯಂತ್ರಕ್ಕೆ ಹಾಕಿದೆ. ಎದುರುಮನೆಯ ಮಗ್ಗಕ್ಕೂ ಧಾರಾಳವಾಗಿ ದಾನ ಮಾಡಿದೆ. ನಮ್ಮ ಓಣಿಯಲ್ಲಿ ಕಿರ್ ಅನ್ನುವ ವಸ್ತು ಒಂದೂ ಉಳಿಯಲಿಲ್ಲ.

ಅವ್ವ ಕೆಲವು ದಿನ ನನ್ನೊಡನೆ ಮಾತು ಬಿಟ್ಟಳು. ಆಮೇಲೆ ಚಿಗವ್ವ ಅನ್ನ ಬಿಟ್ಟಳು ಎಂಬ ಸುದ್ದಿ ಬಂತು. ಅಂದು ಸಂಜೆ ಅವ್ವ ತಾನಾಗಿಯೇ, "ಅಮಾಸಿಗೆ ಹೋಗೂಣು" ಅಂದಳು. ಅಷ್ಟೇ. ನನಗೆ ಕುಣಿದಾಡುವಷ್ಟು ಸಂತೋಷವಾಯಿತು.

ಅಮಾವಾಸ್ಯೆಯ ಬೆಳಗ್ಗೆ ಅವ್ವ ಇಳಕಲ್ ಸೀರೆ ಉಟ್ಟು, ಬುತ್ತಿಗಂಟು ಹಿಡಿದು ಹೊಸ್ತಿಲು ದಾಟಿದಳು. ಪೆಟ್ರೋಲ್ ಬಂಕಿನಲ್ಲಿ ಟ್ಯಾಂಕ್ ತುಂಬಿಸಿದೆ. ಅಲ್ಲಿಯವನು ಎಣ್ಣೆ ಬೇಕೇ ಎಂದ. ಮೊನ್ನೆಯಷ್ಟೇ ಹಾಕಿದ್ದೇನೆ ಎಂದೆ. ಅವ್ವ ಇಳಿದು ಪಕ್ಕಕ್ಕೆ ನಿಂತು ನನ್ನನ್ನೇ ನೋಡುತ್ತಿದ್ದಳು, ಏನನ್ನೋ ಕಾಯುವವಳ ಹಾಗೆ. ನಿಂತು ಕಾಲು ನೋಯುತ್ತಿರಬೇಕೆಂದು ತಿಳಿದು ಬೇಗ ಹತ್ತಿಸಿಕೊಂಡೆ.

ಡಂಬಳ ದಾಟುವವರೆಗೆ ನನ್ನಂಥ ಸವಾರ ಜಿಲ್ಲೆಯಲ್ಲೇ ಇರಲಿಲ್ಲ. ಅವ್ವ ನನ್ನ ಸೊಂಟ ಹಿಡಿದಿದ್ದಳು. ಕಪ್ಪತಗುಡ್ಡದ ಗಾಳಿಗೆ ಅವಳ ಸೆರಗು ನನ್ನ ತೋಳಿಗೆ ಬಡಿಯುತ್ತಿತ್ತು. ಅಷ್ಟರಲ್ಲಿ ಎಂಜಿನ್ ಒಮ್ಮೆ ಕಿರುಚಿ ಗಪ್ಪಾಯಿತು. ಹಿಂದಿನ ಗಾಲಿ ತಿರುಗುವುದನ್ನೇ ಬಿಟ್ಟಿತು. ಗಾಡಿ ಜಾರುತ್ತ ರಸ್ತೆಯ ಪಕ್ಕದ ಎರೆಮಣ್ಣಿಗೆ ಇಳಿದು, ನಮ್ಮಿಬ್ಬರನ್ನೂ ಅಲ್ಲೇ ಕೂರಿಸಿ, ತಾನು ಮಲಗಿತು. ನನ್ನ ಮೊಣಕೈ ತರಚಿತ್ತು. ಅವ್ವನಿಗೆ ಏನೂ ಆಗಿರಲಿಲ್ಲ, ಬುತ್ತಿಯೂ ಮಡಿಲಲ್ಲೇ ಇತ್ತು. ಕಿಕ್ ಒದ್ದೆ. ಕಿಕ್ ಕೆಳಗೆ ಹೋಗಲೇ ಇಲ್ಲ.

"ಎಣ್ಣಿ ಹಾಕಿದ್ಯೋ?" ಎಂದು ಅವ್ವ ಕೇಳಿದಳು.

ಚೈನಿಗೆ ಹಾಕಿದ್ದೇನೆ ಎಂದೆ.

"ಪೆಟ್ರೋಲ್‌ದಾಗ?"

ಪೆಟ್ರೋಲಿನ ಜೊತೆ ಹೋಗಬೇಕಾದ ಎಣ್ಣೆಯಿಲ್ಲದೆ ಎಂಜಿನ್ ಒಣಗಿ ಹಿಡಿದುಕೊಂಡಿತ್ತು. ಓಣಿಯಲ್ಲಿ ಎಣ್ಣೆ ಕಾಣದೆ ಉಳಿದದ್ದು ಈ ಎಂಜಿನ್ ಒಂದೇ ಎಂದು ಆಗ ಹೊಳೆಯಿತು.

"ನಿಮ್ಮಣ್ಣ ಟಾಕಿ ತುಂಬಿಸಿ, ಅದರಾಗ ಎಣ್ಣಿ ಸುರುವಿ, ಗಾಡಿ ಹಿಡದು ಆ ಕಡೆ ಈ ಕಡೆ ಹೊಯ್ದಾಡಸ್ತಿದ್ದ. ಎರಡೂ ಕೂಡಬೇಕಲಾ. ನಾ ಬಾಜೂಕ ನಿಂತು ನೋಡ್ತಿದ್ದೆ. ಇವತ್ತೂ ನಿಂತಿದ್ದೆ. ನೀ ಹೊಯ್ದಾಡಸಲಿಲ್ಲ. ಈಗಿನ ಗಾಡಿಗೆ ಬ್ಯಾಡೇನೋ ಅಂತ ಸುಮ್ಮನಾದೆ," ಅಂದಳು. ಅನ್ನುತ್ತ ಅನ್ನುತ್ತ ಅವಳ ದನಿ ಒಡೆಯಿತು. ವರ್ಷವಿಡೀ ಅಳದವಳು ಮಲಗಿದ ಗಾಡಿಯ ಮೇಲೆ ಕೈಯಿಟ್ಟು ಗಟ್ಟಿಯಾಗಿ ಅತ್ತಳು. ನಾನೂ ಅವಳ ಪಕ್ಕದಲ್ಲಿ ಕೂತು ಅತ್ತೆ.

ಆಗ ಒಂದು ಟ್ರ್ಯಾಕ್ಟರ್ ಬಂದು ನಿಂತಿತು. ಹಮ್ಮಿಗಿ ಕಡೆಗೆ ಹೊರಟಿದ್ದ ರೈತ ಇಳಿದು ನಮ್ಮಿಬ್ಬರನ್ನೂ ಗಾಡಿಯನ್ನೂ ನೋಡಿದ.

"ಹಳೇ ಗಾಡಿಬೇ ಯವ್ವಾ, ಇಷ್ಟಕ್ಕ ಯಾಕ ಅಳ್ತಿ? ರಿಪೇರಿ ಮಾಡಸಿದ್ರ ಮತ್ತ ಓಡತೈತಿ."

"ಇಲ್ಲೋ ಯಪ್ಪಾ, ಇನ್ನ ಬರೂದಿಲ್ಲ," ಅಂದಳು ಅವ್ವ.

"ಬರತೈತಿ ಬಿಡಬೇ, ಮುಂಡರಗ್ಯಾಗ ಛಲೋ ಗ್ಯಾರೇಜ್ ಐತಿ," ಎಂದು ಅವನು ಧೈರ್ಯ ಹೇಳಿದ.

ಗಾಡಿಯನ್ನು ಟ್ರೇಲರಿಗೆ ಹೇರಿ, ಮುಂಡರಗಿಯ ಗ್ಯಾರೇಜಿಗೆ ಒಪ್ಪಿಸಿ, ಅದೇ ಟ್ರೇಲರಿನಲ್ಲಿ ಹಮ್ಮಿಗಿ ಮುಟ್ಟಿದೆವು. ಟ್ರೇಲರ್ ತೆರೆದದ್ದಾದ್ದರಿಂದ ಅವ್ವನಿಗೆ ವಾಂತಿಯಾಗಲಿಲ್ಲ. ಒಬ್ಬ ಸವಾರನಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಕೆ? ಚಿಗವ್ವ ಅಕ್ಕನ ಕೈ ಹಿಡಿದವಳು ಸಂಜೆಯವರೆಗೆ ಬಿಡಲಿಲ್ಲ. ಅವ್ವನ ಕೈಯಿಂದ ಎರಡು ತುತ್ತು ಉಂಡಳು.

ಚಿಗವ್ವ ಇನ್ನೂ ಹಾಸಿಗೆಯಲ್ಲೇ ಇದ್ದಾಳೆ. ಗಾಡಿ ರಿಪೇರಿಯಾಗಿ ಬಂದಿದೆ, ಆದರೆ ಸಪ್ಪಳ ಪೂರಾ ಬದಲಾಗಿದೆ. ಅಣ್ಣನದರ ಹಾಗೆ ಒಂದಿಷ್ಟೂ ಇಲ್ಲ. ಶಿರಹಟ್ಟಿಯ ಮಾಸ್ತರರ ಗಾಡಿಯ ಹಾಗೆ, ತೆಳ್ಳಗೆ. ಅಮಾವಾಸ್ಯೆಗೊಮ್ಮೆ ಅವ್ವ ಬುತ್ತಿಯ ಜೊತೆ ಎಣ್ಣೆಯ ಬಾಟಲಿಯನ್ನೂ ತಾನೇ ಇಟ್ಟುಕೊಳ್ಳುತ್ತಾಳೆ, ನನ್ನ ಕೈಗೆ ಕೊಡುವುದಿಲ್ಲ. ಬಂಕಿನಲ್ಲಿ ಇಳಿದು, ಟ್ಯಾಂಕಿಗೆ ತಾನೇ ಸುರುವಿ, ಪಕ್ಕಕ್ಕೆ ನಿಲ್ಲುತ್ತಾಳೆ. ನಾನು ಗಾಡಿ ಹಿಡಿದು ಹೊಯ್ದಾಡಿಸುತ್ತೇನೆ. ಹಿಂದೆ ಸಾಲಿನಲ್ಲಿ ನಿಂತವರು ಹಾರ್ನ್ ಹೊಡೆಯುತ್ತಾರೆ.

"ಇನ್ನೊಂಚೂರು," ಅನ್ನುತ್ತಾಳೆ ಅವ್ವ. "ಅಂವ ಇಷ್ಟಕ್ಕ ಬಿಡ್ತಿದ್ದಿಲ್ಲ."

ಅವಳು ಸಾಕು ಅನ್ನುವವರೆಗೆ ನಾನು ನಿಲ್ಲಿಸುವ ಹಾಗಿಲ್ಲ.